ದಾಂಪತ್ಯ ಕೌಶಲ ತರಬೇತಿ: ಕೆಲವು ವರ್ಷಗಳ ಬಳಕೆಯ ನಂತರ

ನಾವಿಬ್ಬರೂ ಈ ತರಬೇತಿಗೆ ಸೇರಿದಾಗ ನಮ್ಮ ನಡುವೆ ಹೇಳಿಕೊಳ್ಳುವಂತಹ ಮನಸ್ತಾಪವೇನೂ ಇರಲಿಲ್ಲ. ಇದನ್ನು ರೂಪಿಸಿರುವುದೂ ಅಂತಹ ದಂಪತಿಗಳಿಗಾಗಿಯೇ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಹೋವರ್ಡ್ ಮಾರ್ಕ್‌ಮನ್ ಮತ್ತು ಸ್ಕಾಟ್ ಸ್ಟ್ಯಾನ್ಲಿ ಅವರು ಬೆಳೆಸಿದ ‘ಪ್ರೆಪ್’ ಪದ್ಧತಿಯೇ ನಮ್ಮ ತರಗತಿಗಳಿಗೆ ಆಧಾರವಾಗಿತ್ತು. ಮಾತಿಗೆ ಮಾತು ಬೆಳೆಯುವುದು, ಎದುರಿನವರ ಭಾವನೆಯನ್ನು ತಳ್ಳಿಹಾಕುವುದು, ಹೇಳಿದ್ದಕ್ಕೆಲ್ಲ ಕೆಟ್ಟ ಅರ್ಥ ಹಚ್ಚುವುದು, ಮಾತೇ ಬೇಡವೆಂದು ದೂರ ಸರಿಯುವುದು ಎಂಬ ನಾಲ್ಕು ಅಪಾಯದ ಸೂಚನೆಗಳನ್ನು ಗುರುತಿಸುವುದರಿಂದ ಪಾಠ ಆರಂಭವಾಗುತ್ತದೆ.

ಒಬ್ಬರು ಮಾತನಾಡಬೇಕು, ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಿನಲ್ಲಿ ಮರಳಿ ಹೇಳಬೇಕು, ಅಲ್ಲಿಯವರೆಗೆ ಉತ್ತರವನ್ನೂ ಕೊಡಬಾರದು, ಪರಿಹಾರವನ್ನೂ ಸೂಚಿಸಬಾರದು ಎಂಬ ಅಭ್ಯಾಸ ಮೊದಮೊದಲು ನಾಟಕದಂತೆ ಕಂಡಿತು. ಆದರೆ ನನ್ನ ಪತಿ ತಮ್ಮನಿಗೆ ಸಾಲ ಕೊಡಲು ಒಪ್ಪಿಕೊಂಡು ಬಂದಿದ್ದ ಸಂಜೆ ಇದರ ಬೆಲೆ ತಿಳಿಯಿತು. ನನ್ನ ಮಾತು ಕೇಳಿದ ಅವರು, “ಹಣ ಕೊಡುವುದು ನಿನಗೆ ಇಷ್ಟವಿಲ್ಲ” ಎಂದು ಮರಳಿ ಹೇಳಿದರು. “ಕೊಡುವುದಕ್ಕೆ ನನ್ನ ಅಡ್ಡಿಯಿಲ್ಲ, ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡಿರಲ್ಲ, ಅದಕ್ಕೆ ಬೇಸರ” ಎಂದೆ. ಈ ನಿಯಮ ಇಲ್ಲದಿದ್ದರೆ ನಾವು ಇಡೀ ರಾತ್ರಿ ಹಣದ ಮೇಲೆಯೇ ಜಗಳವಾಡುತ್ತಿದ್ದೆವು.

ಇಂದಿಗೂ ತಪ್ಪದೆ ಬಳಕೆಯಲ್ಲಿರುವುದು ವಿರಾಮದ ನಿಯಮ. ಕೋಪ ಏರುತ್ತಿದೆ ಎನಿಸಿದಾಗ ಯಾರು ಬೇಕಾದರೂ ಮಾತನ್ನು ನಿಲ್ಲಿಸಬಹುದು, ಆದರೆ ಮತ್ತೆ ಯಾವಾಗ ಕೂರುವುದೆಂದು ಆಗಲೇ ಹೇಳಬೇಕು. ಮರಳುವ ಹೊತ್ತು ಗೊತ್ತಿಲ್ಲದ ವಿರಾಮಕ್ಕೂ ಮುನಿಸಿಗೂ ವ್ಯತ್ಯಾಸವಿಲ್ಲ. ವಾರಕ್ಕೊಮ್ಮೆ ಕುಳಿತು ಮಾತನಾಡಬೇಕೆಂಬ ಸಲಹೆಯನ್ನು ಮಾತ್ರ ನಾವು ಬಹಳ ಹಿಂದೆಯೇ ಕೈಬಿಟ್ಟೆವು.

ನನ್ನ ದೊಡ್ಡ ಆಕ್ಷೇಪವೆಂದರೆ, ತರಗತಿ ಮುಗಿದ ಮೇಲೆ ಸಂಸ್ಥೆಯವರು ಒಮ್ಮೆಯೂ ವಿಚಾರಿಸಲಿಲ್ಲ. ಅಭ್ಯಾಸ ತಪ್ಪಿದರೆ ಮರೆತುಹೋಗುವ ಕೌಶಲಕ್ಕೆ ಪುನರಭ್ಯಾಸದ ತರಗತಿಯೇ ಇಲ್ಲ. ಇಂತಹ ತರಬೇತಿಯಿಂದ ಎಲ್ಲರಿಗೂ ಫಲ ಸಿಗುತ್ತದೆ ಎನ್ನಲೂ ಆಗದು. ಅಮೆರಿಕದ ಸೈನಿಕ ದಂಪತಿಗಳ ಅಧ್ಯಯನದಲ್ಲಿ ವಿಚ್ಛೇದನ ಕಡಿಮೆಯಾಗಿದ್ದು ಕಂಡಿತಾದರೂ, ಮದುವೆಯಾಗದೆ ಮಗುವನ್ನು ಪಡೆದ, ಆದಾಯ ಕಡಿಮೆಯಿರುವ ಜೋಡಿಗಳಿಗಾಗಿ ಅಲ್ಲಿಯೇ ನಡೆದ ‘ಬಿಲ್ಡಿಂಗ್ ಸ್ಟ್ರಾಂಗ್ ಫ್ಯಾಮಿಲೀಸ್’ ಯೋಜನೆಯು ಒಟ್ಟಾರೆಯಾಗಿ ಅವರ ಸಂಬಂಧವನ್ನು ಉಳಿಸಲಿಲ್ಲ. ಸಂಸಾರದ ಖರ್ಚಿಗೇ ಹಣ ಸಾಲದಿದ್ದಾಗ ಮಾತಿನ ಕೌಶಲ ಎಷ್ಟನ್ನು ತಾನೇ ಸರಿಪಡಿಸೀತು?

ಹೊಡೆತ, ಬೆದರಿಕೆ ಇರುವ ಮನೆಯವರು ಇದಕ್ಕೆ ಸೇರಬಾರದು. ಅಲ್ಲಿ ಮನಬಿಚ್ಚಿ ಮಾತನಾಡಿದವರಿಗೇ ಅಪಾಯ, ಅವರಿಗೆ ಮೊದಲು ಬೇಕಾದದ್ದು ರಕ್ಷಣೆ. ಹೊಸದಾಗಿ ಮದುವೆಯಾದವರಿಗೆ, ಮಗುವಿನ ನಿರೀಕ್ಷೆಯಲ್ಲಿರುವವರಿಗೆ ನಾನು ಇದನ್ನು ಧಾರಾಳವಾಗಿ ಸೂಚಿಸುತ್ತೇನೆ, ಆದರೆ ಮುಂದಿನ ವರ್ಷಗಳಲ್ಲಿ ಪುನರಭ್ಯಾಸ ಉಂಟೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳಿ.