ಇನ್ಫರ್ಮೇಶನ್ ಸೈನ್ಸ್ ಬಿ.ಇ.: ಸಿಇಟಿ ಸೀಟಿನ ಬೆಲೆಗೆ ಸರಿ, ಮ್ಯಾನೇಜ್‌ಮೆಂಟ್ ಸೀಟಿನ ಬೆಲೆಗೆ ಅಲ್ಲ

ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಲ್ಲಿ, ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2018ರ ಪಠ್ಯಕ್ರಮದಲ್ಲಿ ಇನ್ಫರ್ಮೇಶನ್ ಸೈನ್ಸ್ ಓದಿ 2022ರಲ್ಲಿ ಹೊರಬಂದವಳು ನಾನು. ಊರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ಸಿಇಟಿ ಫಲಿತಾಂಶ ಬಂದಾಗಲೆಲ್ಲ ಊರಿನಿಂದ ಯಾರಾದರೂ ಫೋನ್ ಮಾಡಿ, "ಐಎಸ್ ಕೊಡಿಸಿದರೆ ಹಾಕಿದ ದುಡ್ಡು ತಿರುಗಿ ಬರುತ್ತದೆಯೇನವ್ವ?" ಎಂದು ಕೇಳುತ್ತಾರೆ. ಕೇಳುವವರಿಗೆಲ್ಲ ಇದನ್ನೇ ಕಳುಹಿಸಿಬಿಡೋಣ ಎಂದು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ನಕ್ಷತ್ರ.

ಮೊದಲು ಖರ್ಚು. ನನಗೆ ಸಿಇಟಿ ಸೀಟು ಸಿಕ್ಕಿತು. ಬೋಧನಾ ಶುಲ್ಕ ಆಗ ವರ್ಷಕ್ಕೆ 60 ಸಾವಿರದ ಆಸುಪಾಸು, ಈಗ ಏರಿದೆ. ಕೊರೊನಾ ಬಂದು ಒಂದು ವರ್ಷದ ಮಟ್ಟಿಗೆ ಮನೆಯಲ್ಲೇ ಕೂತದ್ದರಿಂದ ವಿದ್ಯಾನಗರದ ಪಿ.ಜಿ. ಬಾಡಿಗೆ, ಖಾನಾವಳಿ ಊಟ ಎಲ್ಲ ಸೇರಿ 2 ಲಕ್ಷಕ್ಕೆ ಮುಗಿಯಿತು. ಲ್ಯಾಪ್‌ಟಾಪ್, ಪರೀಕ್ಷಾ ಶುಲ್ಕ, ಪುಸ್ತಕ, ಬಸ್ ಪಾಸ್ ಸೇರಿಸಿದರೆ ಒಟ್ಟು 5 ಲಕ್ಷದ ಮೇಲೆ ಸ್ವಲ್ಪ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಇರುವ ಆ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಹೋದರೆ ಶಾಲೆಯಲ್ಲಿ ಹೆಡ್‌ಮಾಸ್ತರರು ಇರುವುದಿಲ್ಲ, ಅವರು ಇದ್ದರೆ ಸೀಲು ಇರುವುದಿಲ್ಲ.

ನನ್ನ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯದು ಮ್ಯಾನೇಜ್‌ಮೆಂಟ್ ಸೀಟು. ಅದೇ ಬೆಂಚು, ಅದೇ ಮೇಷ್ಟರು, ಅದೇ ಪ್ರಶ್ನೆಪತ್ರಿಕೆ. ಬರೀ ಶುಲ್ಕವೇ ಒಟ್ಟು 8 ಲಕ್ಷ. ಇಬ್ಬರಿಗೂ ಸಿಕ್ಕ ಆಫರ್ 3.6 ಲಕ್ಷದ್ದು. ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ವಾರ್ಷಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಮೂರೂವರೆ ಲಕ್ಷದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಶುಲ್ಕ ಮಾತ್ರ ನಿಂತಲ್ಲಿ ನಿಂತಿಲ್ಲ. ನಾನು 3 ಲಕ್ಷ ಸಾಲ ಮಾಡಿದ್ದೆ. ಶೇ 10ರ ಬಡ್ಡಿಗೆ ಏಳು ವರ್ಷದ ಅವಧಿಯಲ್ಲಿ ತಿಂಗಳ ಕಂತು 5 ಸಾವಿರದ ಹತ್ತಿರ. ಅದೇ ಲೆಕ್ಕದಲ್ಲಿ 8 ಲಕ್ಷಕ್ಕೆ ಕಂತು 13 ಸಾವಿರ ದಾಟುತ್ತದೆ. ಕೈಗೆ ಬರುವುದು 25 ಸಾವಿರ. ಬೆಂಗಳೂರಿನ ಪಿ.ಜಿ.ಗೆ ಕೊಟ್ಟ ಮೇಲೆ ಉಳಿಯುವುದೇನು, ನೀವೇ ಹೇಳಿ.

ಸಾಲದ ಬಗ್ಗೆ ಇನ್ನೆರಡು ಮಾತು. 4 ಲಕ್ಷದವರೆಗೆ ಬ್ಯಾಂಕಿನವರು ಅಡಮಾನ ಕೇಳುವುದಿಲ್ಲ; ತಂದೆಯೋ ತಾಯಿಯೋ ಜೊತೆ ಸಾಲಗಾರರಾದರೆ ಸಾಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಅಪ್ಪ ಆ ಬಡ್ಡಿಯನ್ನು ಆಗಾಗ ಕಟ್ಟುತ್ತಾ ಬಂದದ್ದರಿಂದ ಅಸಲು ಬೆಳೆಯಲಿಲ್ಲ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ ಎಂದು ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ಈ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ, ರಿಯಾಯಿತಿ ಎಲ್ಲಿಂದ?

ಇನ್ನು ಓದು. ಕಂಪ್ಯೂಟರ್ ಸೈನ್ಸ್‌ಗೂ ಇದಕ್ಕೂ ವ್ಯತ್ಯಾಸ ತೀರಾ ಕಡಿಮೆ. ನಮ್ಮ ಪಠ್ಯಕ್ರಮದಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡಿಬಿಎಂಎಸ್ (ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ವಿದ್ಯೆ) ಎಲ್ಲ ಇಬ್ಬರಿಗೂ ಇದ್ದವು; ಆರನೆಯ ಸೆಮಿಸ್ಟರ್‌ನಲ್ಲಿ ಅವರು ಕಂಪೈಲರ್, ಗ್ರಾಫಿಕ್ಸ್ ಓದುವಾಗ ನಾವು ಫೈಲ್ ಸ್ಟ್ರಕ್ಚರ್ಸ್, ಸಾಫ್ಟ್‌ವೇರ್ ಟೆಸ್ಟಿಂಗ್ ಓದಿದೆವು. ಕ್ಯಾಂಪಸ್ಸಿಗೆ ಬಂದ ಕಂಪನಿಗಳು ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದವು. ಸಿಎಸ್ ಸಿಗಲಿಲ್ಲ ಎಂದು ಕಣ್ಣೀರು ಹಾಕುವವರು ಸುಮ್ಮನೆ ಐಎಸ್ ತೆಗೆದುಕೊಳ್ಳಬಹುದು.

ನಾಲ್ಕು ವರ್ಷದಲ್ಲಿ ಇಂದಿಗೂ ಅನ್ನ ಕೊಡುತ್ತಿರುವುದು ಡಿಬಿಎಂಎಸ್. ಐದನೆಯ ಸೆಮಿಸ್ಟರ್‌ನಲ್ಲಿ ಅದರ ಲ್ಯಾಬ್ ಜೊತೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಹೆಚ್ಚಿನವರು ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ ಎಂದು ಹಿಂದಿನ ವರ್ಷದ್ದನ್ನೇ ಇಳಿಸಿಕೊಂಡರು. ನಾನು ಮನೆಯಲ್ಲಿದ್ದೆ, ಅಪ್ಪನ ಪಟ್ಟಿ ಪುಸ್ತಕ (ಪಟ್ಟಿ ಎಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ) ಕೈಗೆ ಸಿಕ್ಕಿತು. ಬ್ಯಾಡಗಿ ಮಾರುಕಟ್ಟೆಯಲ್ಲಿ ಇ-ಟೆಂಡರ್ ಪದ್ಧತಿ ಇರುವುದರಿಂದ ಅಂಗಡಿ ಮುಂದಿನ ಪ್ರತಿ ಲಾಟಿಗೂ, ಅಂದರೆ ಮಾಲಿನ ಪ್ರತಿ ರಾಶಿಗೂ, ಒಂದು ನಂಬರು ಬೀಳುತ್ತದೆ. ಖರೀದಿದಾರರು ತಮ್ಮ ದರವನ್ನು ಕಂಪ್ಯೂಟರಿಗೆ ಹಾಕುತ್ತಾರೆ, ಹೆಚ್ಚು ಹಾಕಿದವರಿಗೆ ಮಾಲು. ರೈತರ ಹೆಸರು, ಲಾಟ್ ನಂಬರು, ಚೀಲ, ತೂಕ, ದರ, ಹಮಾಲಿ ಎಂದು ಕಾಲಂ ಹಾಕಿ ಒಂದು ಟೇಬಲ್ ಮಾಡಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದರು. "ಒಬ್ಬನೇ ರೈತ ಕಡ್ಡಿ ಮೆಣಸಿನಕಾಯಿ ಒಂದು ಲಾಟು, ಡಬ್ಬಿ ಮೆಣಸಿನಕಾಯಿ ಒಂದು ಲಾಟು ಹಾಕಿರುತ್ತಾನೆ. ಎರಡನ್ನು ಇಬ್ಬರು ಖರೀದಿದಾರರು ಹಿಡಿಯುತ್ತಾರೆ. ನಾವು ಅವನಿಗೆ ಪಟ್ಟಿ ಒಂದೇ ಕೊಡಬೇಕು. ನಿನ್ನ ಕಂಪ್ಯೂಟರ್ ಏನು ಮಾಡುತ್ತದೆ?" ಎಂದರು. ಆ ಒಂದು ಪ್ರಶ್ನೆಗೆ ಟೇಬಲ್ ಮೂರಾಗಿ ಒಡೆಯಿತು. ನಾರ್ಮಲೈಸೇಶನ್ (ಒಂದೇ ಮಾಹಿತಿ ಮತ್ತೆ ಮತ್ತೆ ಬಾರದಂತೆ ಟೇಬಲ್ ಒಡೆಯುವುದು) ಎಂದು ಪಾಠದಲ್ಲಿ ಉರು ಹೊಡೆಸಿದ್ದು ಏತಕ್ಕೆಂದು ತಿಳಿದದ್ದು ಆಗ. ಸಂದರ್ಶನದಲ್ಲಿ ಹೇಳಿದ್ದೂ ಇದನ್ನೇ. ಕೇಳುತ್ತಿದ್ದವರು ಕುರ್ಚಿ ಮುಂದೆ ಎಳೆದುಕೊಂಡು ಮೆಣಸಿನಕಾಯಿ ದರ ವಿಚಾರಿಸಿದರು.

ನಕ್ಷತ್ರ ಕಳೆದದ್ದು ಎಲ್ಲಿ? ಪ್ರಯೋಗ ಮಾಡುವುದಕ್ಕಿಂತ ರೆಕಾರ್ಡ್ ಬರೆಯುವುದಕ್ಕೆ ಹೆಚ್ಚು ಸಮಯ ಹೋಯಿತು. ಪ್ಲೇಸ್‌ಮೆಂಟ್ ತರಬೇತಿ ಎಂದು ಬೇರೆ ಶುಲ್ಕ ಕಟ್ಟಿಸಿಕೊಂಡು ಗಡಿಯಾರದ ಮುಳ್ಳಿನ ಲೆಕ್ಕ ಮಾಡಿಸಿದರು. ಕಡ್ಡಾಯ ಇಂಟರ್ನ್‌ಶಿಪ್ ಎಂದರೆ ತರಬೇತಿ ಕೇಂದ್ರಕ್ಕೆ ನಾವೇ ದುಡ್ಡು ಕೊಟ್ಟು ಪ್ರಮಾಣಪತ್ರ ತರುವುದು. ಪದವಿಗೆ 100 ಚಟುವಟಿಕೆ ಅಂಕ ಬೇಕೆಂಬ ನಿಯಮ ಬೇರೆ. ಆ ಹೆಸರಿನಲ್ಲಿ ಒಂದೇ ಬೇವಿನ ಸಸಿಯನ್ನು ಹಿಡಿದು ಇಡೀ ತರಗತಿ ಫೋಟೊ ತೆಗೆಸಿಕೊಂಡಿತು, ಸಸಿಯ ಕಥೆ ಕೇಳಬೇಡಿ. ಆಫರ್ ಪತ್ರ ಕೊಟ್ಟ ಕಂಪನಿ ಕೆಲಸಕ್ಕೆ ಕರೆಯಲು ತಿಂಗಳುಗಟ್ಟಲೆ ತಡ ಮಾಡಿತು. ಅಷ್ಟರಲ್ಲಿ ಬ್ಯಾಂಕಿನ ರಿಯಾಯಿತಿ ವರ್ಷದ ಬಹುಪಾಲು ಕರಗಿತ್ತು. ಕಾಲೇಜಿನ ಪ್ಲೇಸ್‌ಮೆಂಟ್ ಫಲಕದಲ್ಲಿ ಮಾತ್ರ ನನ್ನ ಫೋಟೊ ಆಗಲೇ ನಗುತ್ತಿತ್ತು. ಸೀಟು ಕೇಳಲು ಹೋದಾಗ ಫಲಕದಲ್ಲಿರುವ ಅತಿ ಹೆಚ್ಚು ಸಂಬಳವನ್ನು ಬಿಡಿ. ಕಳೆದ ವರ್ಷ ಆ ವಿಭಾಗದಲ್ಲಿ ನಟ್ಟನಡುವಿನ ಹುಡುಗನಿಗೆ ಎಷ್ಟು ಸಿಕ್ಕಿತು, ಎಷ್ಟು ಜನ ನಿಜವಾಗಿ ಕೆಲಸಕ್ಕೆ ಸೇರಿದರು ಎಂದು ಕೇಳಿ.

ಬೆಂಗಳೂರು ಸಾಕಾಗಿ ಈಗ ಹುಬ್ಬಳ್ಳಿಗೇ ಮರಳಿದ್ದೇನೆ. ಗಿರಣಿ, ಗೋದಾಮುಗಳಿಗೆ ಇಆರ್‌ಪಿ (ವ್ಯವಹಾರದ ಲೆಕ್ಕಪತ್ರವನ್ನೆಲ್ಲ ಒಂದೆಡೆ ಇಡುವ ತಂತ್ರಾಂಶ) ಅಳವಡಿಸುವ ಸಣ್ಣ ಕಂಪನಿ, ವರ್ಷಕ್ಕೆ 4.5 ಲಕ್ಷ. ತಾರಿಹಾಳದ ಗೋದಾಮಿನಲ್ಲಿ ಮಾಲು ಲೆಕ್ಕ ಹಾಕುವವರ ಜೊತೆ ಕೂತು ಅವರ ವಹಿಯನ್ನು ತಂತ್ರಾಂಶಕ್ಕೆ ಇಳಿಸುವುದು ನನ್ನ ಕೆಲಸ. ಗೋಕುಲ ರಸ್ತೆಯಲ್ಲಿ ಇನ್ಫೋಸಿಸ್ 2022ರಲ್ಲಿ ಬಾಗಿಲು ತೆರೆದ ಮೇಲೆ ಊರಿಗೆ ಮರಳುವ ಆಸೆ ಹಲವರಿಗೆ ಹುಟ್ಟಿದೆ, ಆದರೆ ಇಲ್ಲಿ ಹುದ್ದೆಗಳು ಇನ್ನೂ ಕಡಿಮೆ. ಸಂಬಳ ಬೆಂಗಳೂರಿನಷ್ಟು ಬೇಗ ಏರುವುದಿಲ್ಲ; ಬಾಡಿಗೆಯೂ ಏರುವುದಿಲ್ಲ. ಶನಿವಾರ ಸಂಜೆ ಮನೆಯಲ್ಲಿರುತ್ತೇನೆ.

ಸಿಇಟಿ ರ‍್ಯಾಂಕ್ ಕೈಕೊಟ್ಟವರು ಬಿಸಿಎ ಬಗ್ಗೆ ಮೂಗು ಮುರಿಯಬೇಡಿ. ಖರ್ಚು ತೀರಾ ಕಡಿಮೆ, ಮೂರು ವರ್ಷ. ಬೇಕಾದರೆ ಮುಂದೆ ಎಂಸಿಎ, ಅದೂ ಈಗ ಎರಡೇ ವರ್ಷ. ವಿಪ್ರೊದವರು ಬಿಸಿಎ, ಬಿಎಸ್ಸಿ ಮುಗಿಸಿದವರನ್ನು ತೆಗೆದುಕೊಂಡು ಕೆಲಸದ ಜೊತೆಗೇ ಎಂ.ಟೆಕ್. ಓದಿಸುವ ಯೋಜನೆಯನ್ನೂ ನಡೆಸುತ್ತಾರೆ. ನಮ್ಮ ಕಾಕಾ ತಮ್ಮ ಮಗಳ ಮ್ಯಾನೇಜ್‌ಮೆಂಟ್ ಸೀಟಿಗಾಗಿ ಹೊಲ ಅಡವಿಡಲು ಹೊರಟಿದ್ದರು. ಮೇಲಿನ ಕಂತಿನ ಲೆಕ್ಕವನ್ನು ಹಾಳೆಯಲ್ಲಿ ಬರೆದುಕೊಟ್ಟೆ. ಅವಳು ಈಗ ಹಾವೇರಿಯಲ್ಲಿ ಬಿಸಿಎ ಎರಡನೆಯ ವರ್ಷ.