ಸ್ನೇರ್ ರೋಲ್‌ಗೆ ಟ್ರಿಗರ್ 2: ತುಂಬಾ ಕಾಲ ಬಳಸಿದವನ ಅಭಿಪ್ರಾಯ

ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ಸ್ಟುಡಿಯೋ ಇದೆ. ಭಕ್ತಿಗೀತೆ, ತುಳು ಆಲ್ಬಂ ಹಾಡು, ಚರ್ಚಿನ ಕ್ವಾಯರ್, ಕಾಲೇಜು ಹುಡುಗರ ಬ್ಯಾಂಡ್ ಎಲ್ಲವೂ ಇಲ್ಲಿ ರೆಕಾರ್ಡ್ ಆಗುತ್ತವೆ. ಡ್ರಮ್ ಇಡುವ ಕೋಣೆ ಚಿಕ್ಕದು, ಮೇಲೆ ಶೀಟ್ ಮಾಡು. ಹಾಗಾಗಿ ಸ್ನೇರ್‌ಗೆ (ಕೆಳಚರ್ಮಕ್ಕೆ ತಂತಿ ಕಟ್ಟಿದ ಡ್ರಮ್) ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಪೆಟ್ಟಿನ ಸದ್ದು, ಸೇರಿಸಿ ಗಟ್ಟಿ ಮಾಡುವುದು ನಮಗೆ ದಿನನಿತ್ಯದ ಕೆಲಸ. ಅದಕ್ಕೆ ವರ್ಷಗಳಿಂದ ಬಳಸುತ್ತಿರುವುದು ಸ್ಟೀವನ್ ಸ್ಲೇಟ್ ಡ್ರಮ್ಸ್‌ನವರ ಟ್ರಿಗರ್ 2 ಅನ್ನುವ ಸಾಫ್ಟ್‌ವೇರ್. ರೆಕಾರ್ಡ್ ಆದ ಪೆಟ್ಟನ್ನು ಗುರುತಿಸಿ ಅಲ್ಲಿ ಅದು ಸ್ಯಾಂಪಲ್ ನುಡಿಸುತ್ತದೆ. ಎರಡನೇ, ನಾಲ್ಕನೇ ಬೀಟ್‌ಗೆ ಬೀಳುವ ಜೋರು ಪೆಟ್ಟಿಗೆ ಇದು ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳುತ್ತೇನೆ. ರೋಲ್, ಅಂದರೆ ಬಿಡದೆ ಬೀಳುವ ವೇಗದ ಪೆಟ್ಟುಗಳ ಸಾಲು, ಬಂದಾಗ ಏನಾಗುತ್ತದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಲೆಕ್ಕ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಅದರೊಳಗೆ ಎಂಟು ಪೆಟ್ಟು ಬಂದರೆ ಒಂದರಿಂದ ಇನ್ನೊಂದಕ್ಕೆ ಸಿಗುವ ಅಂತರ 62.5 ಮಿಲಿಸೆಕೆಂಡ್ ಅಷ್ಟೇ. ಟ್ರಿಗರ್‌ನಲ್ಲಿ ರೀಟ್ರಿಗರ್ ಅಂತ ಒಂದು ನಾಬ್ ಇದೆ. ಒಂದು ಪೆಟ್ಟು ಸಿಕ್ಕಿದ ಮೇಲೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಅದು ಹೇಳುತ್ತದೆ. ಅದು 80 ಮಿಲಿಸೆಕೆಂಡ್‌ನಲ್ಲಿ ಇದ್ದರೆ ಇಂಥ ರೋಲ್‌ನಲ್ಲಿ ಒಂದು ಬಿಟ್ಟು ಒಂದು ಪೆಟ್ಟು ಮಾಯ. ನಾನು 40ರ ಆಸುಪಾಸಿಗೆ ಇಳಿಸುತ್ತೇನೆ.

ಆದರೂ ಒಂದೊಂದು ಕೈಯಲ್ಲಿ ಎರಡೆರಡು ಪೆಟ್ಟು ಹೊಡೆಯುವ ಡಬಲ್ ಸ್ಟ್ರೋಕ್ ರೋಲ್‌ನಲ್ಲಿ ತೊಂದರೆ ತಪ್ಪುವುದಿಲ್ಲ. ಕೋಲು ಪುಟಿದು ಬೀಳುವ ಎರಡನೇ ಪೆಟ್ಟು ಸಾಮಾನ್ಯವಾಗಿ ಮೆತ್ತಗಿರುತ್ತದೆ. ಅದು ಸಿಗಲಿ ಅಂತ ಸೆನ್ಸಿಟಿವಿಟಿ ಜಾಸ್ತಿ ಮಾಡಿದರೆ ಪಕ್ಕದ ಹೈಹ್ಯಾಟ್ ತಾಳದ ಸದ್ದನ್ನೂ ಟ್ರಿಗರ್ ಸ್ನೇರ್ ಪೆಟ್ಟು ಅಂದುಕೊಂಡುಬಿಡುತ್ತದೆ. ನಮ್ಮಲ್ಲಿ ಜೂನ್, ಜುಲೈ ತಿಂಗಳಲ್ಲಿ ಶೀಟ್ ಮೇಲಿನ ಮಳೆ ಸದ್ದು ಬೇರೆ. ಬೇರೆ ಡ್ರಮ್‌ಗಳ ಸದ್ದು ತಡೆಯಲು ಲೀಕೇಜ್ ಸಪ್ರೆಶನ್ ಇದೆ, ಅದು ಒಳ್ಳೆಯ ಸೌಲಭ್ಯ. ಆದರೆ ಮಳೆಗೆ ಅದು ಉಪಯೋಗಕ್ಕೆ ಬರುವುದಿಲ್ಲ ಅಲ್ವಾ? ಅದಕ್ಕೆ ರೋಲ್ ಇರುವ ಭಾಗವನ್ನು ನಕಲು ಮಾಡಿ ಬೇರೆ ಟ್ರ್ಯಾಕ್‌ಗೆ ಹಾಕಿ, ಅದರಲ್ಲಿ ಇನ್ನೊಂದು ಟ್ರಿಗರ್ ತೆರೆಯುತ್ತೇನೆ. ಸದ್ದು ಅದಕ್ಕೆ ಹೋಗುವ ಮೊದಲೇ ಇಕ್ಯೂ (ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಸಾಧನ) ಇಟ್ಟು ಮೇಲಿನ ಫ್ರೀಕ್ವೆನ್ಸಿಗಳನ್ನು ಧಾರಾಳವಾಗಿ ಇಳಿಸುತ್ತೇನೆ. ಪೆಟ್ಟು ಗುರುತಿಸಲು ಅಷ್ಟು ಸಾಕು. ಕೇಳಬೇಕಾದ ಅಸಲಿ ಸದ್ದು ಮೂಲ ಟ್ರ್ಯಾಕ್‌ನಲ್ಲಿ ಹಾಗೇ ಇರುತ್ತದೆ.

ಪೆಟ್ಟೆಲ್ಲ ಸರಿಯಾಗಿ ಸಿಕ್ಕಿದರೂ ರೋಲ್ ನಿಜ ಅನ್ನಿಸಬೇಕಲ್ಲ! ಕುಂಬಳೆಯ ಒಬ್ಬ ಡ್ರಮ್ಮರ್ ಹುಡುಗ ತನ್ನ ಹಾಡು ಕೇಳಿ ಹೇಳಿದ್ದು ಇನ್ನೂ ನೆನಪಿದೆ. "ಅಣ್ಣಾ, ಪೆಟ್ಟು ಎಲ್ಲ ಸರಿ ಉಂಟು, ಆದ್ರೆ ಒಂದೇ ಕೈಯಲ್ಲಿ ಹೊಡೆದ ಹಾಗೆ ಕೇಳ್ತದೆ." ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಯಕ್ಷಗಾನ ಆಟದ ಚೆಂಡೆ ಕೇಳಿ ಬೆಳೆದ ನಮ್ಮೂರಿನ ಕಿವಿಗಳಿಗೆ ಎರಡು ಕೋಲಿನ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ರೆಡಿಮೇಡ್ ಸ್ಯಾಂಪಲ್ ಲೈಬ್ರರಿಯ ದೊಡ್ಡ ಸ್ನೇರ್‌ಗಳಿಗೆ ಬಾಲವೂ (ಪೆಟ್ಟಿನ ನಂತರ ಉಳಿಯುವ ಸದ್ದು) ಉದ್ದ. 60 ಮಿಲಿಸೆಕೆಂಡ್‌ಗೊಮ್ಮೆ ಒಂದರ ಮೇಲೊಂದು ಬಿದ್ದರೆ ಬರೀ ಗದ್ದಲ.

ಈಗ ಸೆಷನ್ ಶುರುವಾಗುವ ಮೊದಲೇ ಡ್ರಮ್ಮರ್ ಹತ್ತಿರ ಅವರದೇ ಸ್ನೇರ್ ಮೇಲೆ ಬಿಡಿ ಪೆಟ್ಟು ಹೊಡೆಸುತ್ತೇನೆ. ಬಲಗೈ, ಆಮೇಲೆ ಎಡಗೈ. ಕೋಲು ಚರ್ಮಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು ಮೆತ್ತಗಿನಿಂದ ಹಿಡಿದು ಪೂರ್ತಿ ಜೋರಿನವರೆಗೆ. ಒಂದೊಂದು ಮಟ್ಟದಲ್ಲಿ ಹಲವು ಪೆಟ್ಟು. ಪ್ರತಿ ಪೆಟ್ಟಿನ ಸದ್ದು ಪೂರ್ತಿ ಅಡಗುವ ತನಕ ಸುಮ್ನೆ ಕಾಯಬೇಕು, ಫ್ಯಾನ್ ಕೂಡ ಆಫ್. ಇವನ್ನು ಟ್ರಿಗರ್‌ನ ಇನ್‌ಸ್ಟ್ರುಮೆಂಟ್ ಎಡಿಟರ್‌ನಲ್ಲಿ ಜೋಡಿಸಿ, ಒಂದೇ ಮಟ್ಟದಲ್ಲಿ ಎಡ ಬಲ ಎರಡನ್ನೂ ಬೆರೆಸಿ ಇಡುತ್ತೇನೆ. ಆಗ ಅದೇ ಸ್ಯಾಂಪಲ್ ಮತ್ತೆ ಮತ್ತೆ ಬರುವ ಮೆಷಿನ್ ಗನ್ ಸದ್ದು ಹೋಗುತ್ತದೆ. ಸ್ನೇರ್ ಅದೇ, ಶ್ರುತಿ ಅದೇ. ಹಾಗಾಗಿ ಡ್ರಮ್‌ಗಳ ಮೇಲೆ ಇಡುವ ಓವರ್‌ಹೆಡ್ ಮೈಕ್‌ಗಳ ಸದ್ದಿನ ಜೊತೆ ಜಗಳವೂ ಇಲ್ಲ. ನನ್ನ ಪ್ರಕಾರ ಈ ಎಡಿಟರ್ ಒಂದೇ ಸಾಕು, ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ನಲು.

ಇನ್ನೂ ಬೇಕೆಂದರೆ ಮಿಡಿ (ಯಾವ ಪೆಟ್ಟು ಯಾವಾಗ, ಎಷ್ಟು ಜೋರು ಅನ್ನುವ ಮಾಹಿತಿ) ಹೊರತೆಗೆದು ಕೈಯಾರೆ ತಿದ್ದಬಹುದು. ಪೆಟ್ಟಿನ ಜೋರು ಹೇಳುವ ವೆಲಾಸಿಟಿ 1ರಿಂದ 127ರವರೆಗೆ ಇದೆ, ಮೆತ್ತಗೆ ಶುರುವಾಗಿ ಏರುವ ರೋಲ್‌ನಲ್ಲಿ ಅದನ್ನು ಧೈರ್ಯವಾಗಿ ಬಳಸಿ. ಆದರೆ ಕ್ವಾಂಟೈಸ್, ಅಂದರೆ ಪೆಟ್ಟುಗಳನ್ನು ಲೆಕ್ಕದ ಜಾಗಕ್ಕೇ ಕೂರಿಸುವುದು, ಮಾಡಲೇಬೇಡಿ. ಎಡಗೈ ಒಂದೆರಡು ಮಿಲಿಸೆಕೆಂಡ್ ಹಿಂದೆ ಬೀಳುವುದರಲ್ಲೇ ರೋಲ್‌ನ ಜೀವ ಇರುವುದು.

ಬಝ್ ರೋಲ್‌ಗೆ ಮಾತ್ರ ಈ ಯಾವುದೂ ಆಗುವುದಿಲ್ಲ. ಅಲ್ಲಿ ಕೋಲನ್ನು ಚರ್ಮಕ್ಕೆ ಒತ್ತಿ ಪುಟಿಯಲು ಬಿಡುತ್ತಾರೆ, ಬಿಡಿ ಪೆಟ್ಟು ಅಂತ ಬೇರೆ ಕೇಳುವುದೇ ಇಲ್ಲ. ಪೆಟ್ಟು ಹುಡುಕಿ ಕೆಲಸ ಮಾಡುವ ಯಾವ ಸಾಫ್ಟ್‌ವೇರ್‌ಗೂ ಅದು ಕಷ್ಟ. ನಾನು ಆ ಜಾಗದಲ್ಲಿ ಅಸಲಿ ಸದ್ದು, ಸ್ಯಾಂಪಲ್ ಎರಡರ ಪ್ರಮಾಣ ಹೇಳುವ ಮಿಕ್ಸ್ ನಾಬ್ ಅನ್ನು ಆಟೊಮೇಶನ್‌ನಿಂದ (ಹಾಡಿನ ಬೇಕಾದ ಜಾಗದಲ್ಲಿ ತಾನಾಗಿ ಬದಲಾಗುವಂತೆ) ಪೂರ್ತಿ ಅಸಲಿ ಸದ್ದಿನ ಕಡೆ ತಿರುಗಿಸಿ, ಸ್ನೇರ್‌ನ ಕೆಳಗಿನ ಮೈಕ್ ಸ್ವಲ್ಪ ಏರಿಸುತ್ತೇನೆ. ತಂತಿಗಳ ಗರಗರ ಅಲ್ಲೇ ಚೆನ್ನಾಗಿ ಸಿಗುತ್ತದೆ. ಸ್ಯಾಂಪಲ್ ಮತ್ತೆ ಬರುವುದು ರೋಲ್ ಮುಗಿಸುವ ಕೊನೆಯ ಜೋರು ಪೆಟ್ಟಿಗೆ ಮಾತ್ರ.