ಟ್ರಕ್ಕಿನ ಫ್ರಿಡ್ಜ್‌ಗೆ ಎರಡನೇ ಬ್ಯಾಟರಿ: ಒಂದು ಜೋಡಣೆಯ ವಿಮರ್ಶೆ

ನೂರು ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ, ಇಂಜಿನ್ ಓಡುವಾಗ ವಾಹನದ ವಿದ್ಯುತ್ತಿನಿಂದ ಅದನ್ನು ತುಂಬುವ 25 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಮತ್ತು 45 ಲೀಟರಿನ ಕಂಪ್ರೆಸರ್ ಫ್ರಿಡ್ಜ್, ಈ ಮೂರನ್ನೂ 12 ವೋಲ್ಟಿನ ಟ್ರಕ್ಕಿನಲ್ಲಿ ಅಳವಡಿಸಿ ಬಿಸಿಲುಗಾಲದಲ್ಲೂ ಚಳಿಗಾಲದಲ್ಲೂ ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೂರೂ ಬೇರೆ ಬೇರೆ ತಯಾರಕರವು. ಆದ್ದರಿಂದ ಇಲ್ಲಿ ತೂಗಿ ನೋಡುತ್ತಿರುವುದು ಯಾವುದೇ ಒಂದು ಕಂಪನಿಯ ಸರಕನ್ನಲ್ಲ, ಇವು ಒಟ್ಟಿಗೆ ಮಾಡುವ ಕೆಲಸವನ್ನು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವ್ಯವಸ್ಥೆ ಚೆನ್ನಾಗಿ ನಡೆಯುತ್ತದೆ, ಆದರೆ ಅದು ನಡೆಯುವುದು ಬ್ಯಾಟರಿಯ ಗಾತ್ರದಿಂದಲ್ಲ, ಆ ಬ್ಯಾಟರಿಗೆ ವಿದ್ಯುತ್ತು ಬಂದು ಸೇರುವ ಮತ್ತು ಅಲ್ಲಿಂದ ಫ್ರಿಡ್ಜ್‌ಗೆ ಹೋಗುವ ದಾರಿಯ ಗುಣದಿಂದ. ಚಾರ್ಜರಿಗೂ ತಂತಿಗೂ ಖರ್ಚು ಮಾಡಲು ಹಿಂಜರಿದು ಆ ಹಣವನ್ನು ದೊಡ್ಡ ಬ್ಯಾಟರಿಗೆ ಹಾಕುವವರಿಗೆ ನಿರಾಸೆ ಕಾದಿರುತ್ತದೆ.

ಎರಡನೇ ಬ್ಯಾಟರಿ ಏಕೆ ಬೇಕು ಎಂಬುದನ್ನು ಬಹಳ ಹೊತ್ತು ವಿವರಿಸಬೇಕಾಗಿಲ್ಲ. ಇಂಜಿನ್ ಚಾಲೂ ಮಾಡುವ ಬ್ಯಾಟರಿಯನ್ನು ಕೆಲವೇ ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಕೊಡುವುದಕ್ಕಾಗಿ ತೆಳು ಫಲಕಗಳಿಂದ ಕಟ್ಟಿರುತ್ತಾರೆ. ರಾತ್ರಿಯಿಡೀ ಸಣ್ಣ ಹೊರೆಯನ್ನು ಹೊತ್ತು ಮತ್ತೆ ಮತ್ತೆ ಆಳಕ್ಕೆ ಬರಿದಾಗುವುದು ಅದರ ಸ್ವಭಾವಕ್ಕೆ ಒಗ್ಗುವುದಿಲ್ಲ. ಫ್ರಿಡ್ಜ್ ಅದನ್ನೇ ಹೀರುತ್ತಿದ್ದರೆ ಬೆಳಿಗ್ಗೆ ವಾಹನ ಚಾಲೂ ಆಗದಿರುವುದು ಒಂದು ತೊಂದರೆ. ಬ್ಯಾಟರಿಯ ಆಯುಸ್ಸು ಸದ್ದಿಲ್ಲದೆ ಸವೆಯುವುದು ಅದಕ್ಕಿಂತ ದೊಡ್ಡ ನಷ್ಟ.

ಫ್ರಿಡ್ಜ್‌ನ ಹಸಿವು ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು. ಈ ಗಾತ್ರದ ಕಂಪ್ರೆಸರ್ ಫ್ರಿಡ್ಜ್ ಓಡುತ್ತಿರುವಾಗ ಸುಮಾರು 45ರಿಂದ 60 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ ನಾಲ್ಕೈದು ಆಂಪಿಯರ್ ಎಳೆಯುತ್ತದೆ. ಆದರೆ ಅದು ಬಿಡುವಿಲ್ಲದೆ ಓಡುವುದಿಲ್ಲ. ಒಳಗಿನ ತಾಪ ಇಳಿದೊಡನೆ ನಿಂತು, ಏರಿದಾಗ ಮತ್ತೆ ಓಡುತ್ತದೆ. ಹೀಗಾಗಿ 4 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟಾಗ ಇಡೀ ದಿನದ ಬಳಕೆ ಹವೆಯ ಮೇಲೆ ಅವಲಂಬಿಸಿ 25ರಿಂದ 45 ಆಂಪಿಯರ್-ಗಂಟೆಗಳ ನಡುವೆ ಇರುತ್ತದೆ. ಅದನ್ನೇ ಮೈನಸ್ 18 ಡಿಗ್ರಿಗೆ ಇಳಿಸಿ ಫ್ರೀಜರ್‌ನಂತೆ ಬಳಸಿದರೆ ಈ ಲೆಕ್ಕ ಸುಮಾರು ಇಮ್ಮಡಿಯಾಗುತ್ತದೆ. ಅಗ್ಗವಾಗಿ ಸಿಗುವ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳನ್ನು ಇದರ ಜೊತೆಗೆ ಹೋಲಿಸಬಾರದು. ಅವುಗಳಲ್ಲಿ ಹೆಚ್ಚಿನವು ನಾಲ್ಕೈದು ಆಂಪಿಯರನ್ನು ಎಡೆಬಿಡದೆ ಎಳೆಯುತ್ತವೆ, ಮತ್ತು ಹೊರಗಿನ ತಾಪಕ್ಕಿಂತ ಇಪ್ಪತ್ತು ಡಿಗ್ರಿಯಷ್ಟು ಮಾತ್ರ ಇಳಿಸಬಲ್ಲವು; ಬಿಸಿಲಲ್ಲಿ ನಿಂತ ಕ್ಯಾಬಿನ್ನಿನಲ್ಲಿ ಹಾಲನ್ನಾಗಲಿ ಔಷಧಿಯನ್ನಾಗಲಿ ಅವಕ್ಕೆ ಒಪ್ಪಿಸುವಂತಿಲ್ಲ. ಇನ್ಸುಲಿನ್ ಜೊತೆಗಿಟ್ಟುಕೊಂಡು ದೂರದ ಹಾದಿ ಹಿಡಿಯುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು ಮತ್ತು ಹೆಪ್ಪುಗಟ್ಟಬಾರದು. ಅಷ್ಟು ಕಿರಿದಾದ ಮಿತಿಯನ್ನು ನಿಭಾಯಿಸಲು ಕಂಪ್ರೆಸರೂ ನಂಬಬಹುದಾದ ಥರ್ಮೋಸ್ಟಾಟೂ ಬೇಕು.

ಈಗ ಬ್ಯಾಟರಿಯ ವಿಷಯ. ನಾನು ಬಳಸಿದ್ದು ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು: 3.2 ವೋಲ್ಟಿನ ನಾಲ್ಕು ಕೋಶಗಳು ಸಾಲಾಗಿ ಸೇರಿ 12.8 ವೋಲ್ಟ್. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದು ಬೇಗ ಕೆಡುತ್ತದೆ. ಆದ್ದರಿಂದ ನೂರು ಎಂದು ಬರೆದಿದ್ದರೂ ಕೈಗೆ ಸಿಗುವುದು ಐವತ್ತೇ. ಲಿಥಿಯಂನಲ್ಲಿ ಎಂಬತ್ತು, ತೊಂಬತ್ತರವರೆಗೂ ನಿಶ್ಚಿಂತೆಯಿಂದ ಬಳಸಬಹುದು. ತೂಕದಲ್ಲೂ ಅಂತರ ದೊಡ್ಡದು: ಅದೇ ಸಾಮರ್ಥ್ಯದ ಲೆಡ್ ಆಸಿಡ್ ಬ್ಯಾಟರಿ ಮೂವತ್ತು ಕಿಲೋ ಸಮೀಪ ತೂಗಿದರೆ ಇದು ಹನ್ನೆರಡರ ಆಸುಪಾಸು. ವಾಹನವನ್ನು ಕದಲಿಸದೆಯೇ ಬಿಸಿಲಿನ ಎರಡು ದಿನ ಫ್ರಿಡ್ಜ್ ನಡೆಯಿತು ಎಂದರೆ ಅದಕ್ಕೆ ಕಾರಣ ಈ ಬಳಸಬಹುದಾದ ಪಾಲು ದೊಡ್ಡದಿರುವುದೇ.

ಆದರೆ ಲಿಥಿಯಂ ಎಲ್ಲ ಕಡೆಗೂ ಸಲ್ಲುವ ಬ್ಯಾಟರಿಯಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು. ಮಾಡಿದರೆ ಕೋಶದೊಳಗೆ ಲಿಥಿಯಂ ಲೋಹದ ಪದರ ಕೂತು ಶಾಶ್ವತ ಹಾನಿಯಾಗುತ್ತದೆ. ಒಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ಬಿಎಂಎಸ್, ಚಳಿಯಲ್ಲಿ ಚಾರ್ಜಿಂಗನ್ನು ತಾನಾಗಿ ತಡೆಯುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ಕೇಳಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಎಲ್ಲ ಬ್ಯಾಟರಿಗಳಲ್ಲೂ ಈ ಸೌಲಭ್ಯ ಇರುವುದಿಲ್ಲ. ಇಂಜಿನ್ನಿನ ಬಿಸಿ ತಾಗುವ ಬಾನೆಟ್ಟಿನ ಕೆಳಗೂ ಅದನ್ನು ಇಡಬಾರದು. ಬ್ಯಾಟರಿಗೆ ಅಲ್ಲಿ ಬಿಟ್ಟರೆ ಬೇರೆ ಜಾಗವೇ ಇಲ್ಲದ ವಾಹನದಲ್ಲಿ ಎಜಿಎಂ, ಅಂದರೆ ಆಮ್ಲವನ್ನು ಗಾಜಿನ ನಾರಿನಲ್ಲಿ ಹೀರಿಸಿಟ್ಟ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿಯೇ ವಿವೇಕದ ಆಯ್ಕೆ ಎಂದು ನನ್ನ ಅಭಿಪ್ರಾಯ. ನೀರು ತುಂಬುವ ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯನ್ನಂತೂ ಮಲಗುವ ಕ್ಯಾಬಿನ್ನಿನೊಳಗೆ ತರಲೇಬಾರದು. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

ಈ ಜೋಡಣೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಚಾರ್ಜರ್. ಮೊದಲೆಲ್ಲ ಎರಡು ಬ್ಯಾಟರಿಗಳ ನಡುವೆ ವೋಲ್ಟೇಜ್ ಗಮನಿಸುವ ರಿಲೇ ಒಂದನ್ನು ಹಾಕಿದರೆ ಸಾಕಿತ್ತು. ಇಂಜಿನ್ ಓಡಿ ವೋಲ್ಟೇಜ್ 13.3ರ ಸಮೀಪ ಏರಿದಾಗ ಅದು ಎರಡನ್ನೂ ಕೂಡಿಸುತ್ತದೆ, ಸುಮಾರು 12.8ಕ್ಕೆ ಇಳಿದಾಗ ಬೇರ್ಪಡಿಸುತ್ತದೆ. ಸರಳ, ಅಗ್ಗ, ಕೆಡುವ ಭಾಗಗಳು ಕಡಿಮೆ. ಹಳೆಯ ಬಗೆಯ ಆಲ್ಟರ್ನೇಟರ್ (ಇಂಜಿನ್ನಿನಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಯಂತ್ರ) ಇರುವ, ಎರಡೂ ಕಡೆ ಒಂದೇ ಬಗೆಯ ಲೆಡ್ ಆಸಿಡ್ ಬ್ಯಾಟರಿ ಇರುವ ವಾಹನದಲ್ಲಿ ಇಂದಿಗೂ ಅದನ್ನು ತೆಗಳುವ ಕಾರಣವಿಲ್ಲ. ಆದರೆ ಇಂದಿನ ಅನೇಕ ವಾಹನಗಳಲ್ಲಿ ಇಂಧನ ಉಳಿಸುವುದಕ್ಕಾಗಿ ಆಲ್ಟರ್ನೇಟರಿನ ವೋಲ್ಟೇಜನ್ನು ಕಂಪ್ಯೂಟರ್ ನಿಯಂತ್ರಿಸುತ್ತದೆ. ಮುಖ್ಯ ಬ್ಯಾಟರಿ ತುಂಬಿದೆ ಎಂದು ಕಂಡೊಡನೆ ಅದು ವೋಲ್ಟೇಜನ್ನು 12.5ರ ಆಸುಪಾಸಿಗೆ ಇಳಿಸಿ, ವೇಗ ತಗ್ಗಿಸುವಾಗ ಮಾತ್ರ ಏರಿಸುತ್ತದೆ. ಅಂಥ ವಾಹನದಲ್ಲಿ ರಿಲೇ ಗಂಟೆಗಟ್ಟಲೆ ಎರಡನ್ನೂ ಬೇರ್ಪಡಿಸಿಯೇ ಇಡುವುದರಿಂದ, ದಿನವಿಡೀ ಓಡಿದರೂ ಎರಡನೇ ಬ್ಯಾಟರಿ ತುಂಬುವುದೇ ಇಲ್ಲ. ಲಿಥಿಯಂ ಬ್ಯಾಟರಿಯನ್ನು ರಿಲೇಯ ಮೂಲಕ ನೇರವಾಗಿ ಕೂಡಿಸಿದರೆ ತೊಂದರೆ ತಿರುಗುಮುರುಗಾಗುತ್ತದೆ: ಅದರ ಒಳರೋಧ ಬಹಳ ಕಡಿಮೆ ಇರುವುದರಿಂದ ಆಲ್ಟರ್ನೇಟರ್ ಕೊಡಬಲ್ಲಷ್ಟನ್ನೂ ಸೆಳೆಯುತ್ತದೆ, ಮತ್ತು ವಾಹನ ನಿಂತಲ್ಲೇ ಇಂಜಿನ್ ಮೆಲ್ಲಗೆ ಓಡುತ್ತಿರುವಾಗ, ತಂಪಾಗಿಸುವ ಗಾಳಿ ಸಾಲದೆ, ಆಲ್ಟರ್ನೇಟರ್ ಅತಿಯಾಗಿ ಬಿಸಿಯಾಗುತ್ತದೆ.

ಡಿಸಿ-ಡಿಸಿ ಚಾರ್ಜರ್ ಈ ಎರಡೂ ತೊಡಕುಗಳನ್ನು ಬಿಡಿಸುತ್ತದೆ. ಒಳಬರುವ ವೋಲ್ಟೇಜ್ ಎಷ್ಟೇ ಏರಿಳಿದರೂ ಅದು ಹೊರಗೆ 14.4 ವೋಲ್ಟಿನಷ್ಟನ್ನು ಕೊಡುತ್ತದೆ, ಮತ್ತು 25 ಆಂಪಿಯರಿನ ಮಿತಿಯನ್ನು ಮೀರುವುದಿಲ್ಲ. ಎರಡು ಗಂಟೆ ವಾಹನ ಓಡಿಸಿದರೆ ಬ್ಯಾಟರಿಗೆ ಸುಮಾರು 50 ಆಂಪಿಯರ್-ಗಂಟೆ ಸೇರುತ್ತದೆ; ಅದು ಫ್ರಿಡ್ಜ್‌ನ ಒಂದಿಡೀ ದಿನದ ಬಳಕೆಗೆ ಸಾಕಾಗಿ ಸ್ವಲ್ಪ ಉಳಿಯುತ್ತದೆ. ದಿನವೂ ಓಡುವ ಟ್ರಕ್ಕಿಗೆ ಇನ್ನೂರು ಆಂಪಿಯರ್-ಗಂಟೆಯ ಬ್ಯಾಟರಿ ಬೇಕಾಗಿಲ್ಲ ಎಂದು ನಾನು ಒತ್ತಿ ಹೇಳುವುದು ಈ ಲೆಕ್ಕದ ಬಲದಿಂದ. ನಿಯಂತ್ರಿತ ಆಲ್ಟರ್ನೇಟರ್ ಇರುವ ವಾಹನದಲ್ಲಿ ಚಾರ್ಜರಿನ ಇಗ್ನಿಷನ್ ತಂತಿಯನ್ನು ಕೂಡಿಸುವುದನ್ನು ಮಾತ್ರ ಯಾರೂ ಬಿಡಬಾರದು. ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂಬುದು ವೋಲ್ಟೇಜ್ ನೋಡಿ ಚಾರ್ಜರಿಗೆ ತಿಳಿಯುವುದಿಲ್ಲ. ಆ ತಂತಿಯಿಂದಲೇ ತಿಳಿಯಬೇಕು, ಇಲ್ಲದಿದ್ದರೆ ನಿಂತ ವಾಹನದ ಮುಖ್ಯ ಬ್ಯಾಟರಿಯನ್ನೇ ಅದು ಬರಿದು ಮಾಡಬಹುದು.

ಇನ್ನು ತಂತಿ. ಫ್ರಿಡ್ಜ್ ಕೆಟ್ಟಿದೆ, ಬ್ಯಾಟರಿ ಕಳಪೆ ಎಂದು ಬರುವ ದೂರುಗಳಲ್ಲಿ ಬಹುಪಾಲಿನ ಮೂಲ ತಂತಿಯಲ್ಲಿರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಒಂದು ಲೆಕ್ಕ ನೋಡಿ. ಬ್ಯಾಟರಿಯಿಂದ ಫ್ರಿಡ್ಜ್‌ಗೆ ಆರು ಮೀಟರ್ ದೂರ ಇದೆ ಎಂದಿಟ್ಟುಕೊಂಡರೆ ಹೋಗಿ ಬರುವ ದಾರಿ ಹನ್ನೆರಡು ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 0.7 ವೋಲ್ಟ್ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನದರಲ್ಲಿ ಸುಮಾರು 0.26 ಮಾತ್ರ. ಫ್ರಿಡ್ಜ್‌ನೊಳಗಿನ ರಕ್ಷಣಾ ಸರ್ಕ್ಯೂಟ್, ಅಂದರೆ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದಾಗ ಬ್ಯಾಟರಿ ಬರಿದಾಗದಂತೆ ಫ್ರಿಡ್ಜನ್ನು ನಿಲ್ಲಿಸುವ ಭಾಗ, ಅಳೆಯುವುದು ಬ್ಯಾಟರಿಯ ವೋಲ್ಟೇಜನ್ನಲ್ಲ, ತನ್ನ ಬಾಗಿಲಿಗೆ ಬಂದ ವೋಲ್ಟೇಜನ್ನು. ಅರ್ಧ ತುಂಬಿದ ಲೆಡ್ ಆಸಿಡ್ ಬ್ಯಾಟರಿ 12.2 ವೋಲ್ಟ್ ಇದ್ದರೂ ತೆಳು ತಂತಿಯ ಕೊನೆಯಲ್ಲಿ ಫ್ರಿಡ್ಜ್‌ಗೆ ಕಾಣುವುದು 11.5. ರಕ್ಷಣೆಯ ಮಟ್ಟವನ್ನು ಹೆಚ್ಚಿನದಕ್ಕೆ ಇಟ್ಟಿದ್ದರೆ ಬ್ಯಾಟರಿಯಲ್ಲಿ ಸಾಕಷ್ಟು ಶಕ್ತಿ ಉಳಿದಿರುವಾಗಲೇ ಫ್ರಿಡ್ಜ್ ನಿಂತುಬಿಡುತ್ತದೆ. ಕಂಪ್ರೆಸರ್ ನಿಂತೊಡನೆ ಪ್ರವಾಹ ಇಲ್ಲದೆ ವೋಲ್ಟೇಜ್ ಮತ್ತೆ ಏರುತ್ತದೆ, ಫ್ರಿಡ್ಜ್ ಮತ್ತೆ ಓಡಲು ಯತ್ನಿಸುತ್ತದೆ, ಮತ್ತೆ ನಿಲ್ಲುತ್ತದೆ. ರಾತ್ರಿಯಿಡೀ ನಡೆಯುವ ಈ ಪರದಾಟಕ್ಕೆ ದೊಡ್ಡ ಬ್ಯಾಟರಿ ಔಷಧವಲ್ಲ.

ಚಾರ್ಜರ್ ಕಡೆಗೆ ಬರುವ ತಂತಿಗೆ ಇದಕ್ಕಿಂತಲೂ ಹೆಚ್ಚಿನ ಗಮನ ಬೇಕು. ಹೊರಗೆ 25 ಆಂಪಿಯರ್ ಕೊಡುವ ಚಾರ್ಜರ್ ಒಳಗೆ ಅದಕ್ಕಿಂತ ಹೆಚ್ಚು ಎಳೆಯುತ್ತದೆ, ಏಕೆಂದರೆ ಅದು ಕಡಿಮೆ ವೋಲ್ಟೇಜನ್ನು ಹೆಚ್ಚಿನದಕ್ಕೆ ಏರಿಸುತ್ತಿದೆ ಮತ್ತು ಏರಿಸುವಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ಮೂವತ್ತು ಆಂಪಿಯರಿಗೆ ಕಡಿಮೆಯಿಲ್ಲ ಎಂದು ತಿಳಿಯುವುದು ಕ್ಷೇಮ. ಆರು ಮೀಟರ್ ದೂರಕ್ಕೆ 6 ಚದರ ಮಿಲಿಮೀಟರಿನ ತಂತಿಯಾದರೆ ಒಂದು ವೋಲ್ಟ್ ಸೋರುತ್ತದೆ, 16ರದ್ದಾದರೆ 0.4. ನಾನು 16ರದನ್ನೇ ಹಾಕಿಸಿದೆ. ಚಾರ್ಜರ್ ತನ್ನ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವುದಕ್ಕೆ ಅದೇ ಕಾರಣ. ಈ ತಂತಿಯ ಎರಡೂ ತುದಿಗಳಲ್ಲಿ ಒಂದೊಂದು ಬ್ಯಾಟರಿ ಇರುವುದರಿಂದ ಎರಡೂ ತುದಿಗಳಲ್ಲಿ, ಆಯಾ ಬ್ಯಾಟರಿಗೆ ಆದಷ್ಟು ಹತ್ತಿರದಲ್ಲಿ, ಫ್ಯೂಸ್ ಇರಲೇಬೇಕು. ಒಂದೇ ತುದಿಗೆ ಹಾಕಿ ಇನ್ನೊಂದನ್ನು ಬಿಟ್ಟರೆ, ಚಾಸಿಗೆ ಉಜ್ಜಿ ಹೊದಿಕೆ ಹರಿದ ತಂತಿ ಆ ಇನ್ನೊಂದು ಬ್ಯಾಟರಿಯಿಂದ ಬೆಂಕಿ ಹೊತ್ತಿಸಬಲ್ಲದು.

ಸಿಗರೇಟ್ ಲೈಟರಿನ ಸಾಕೆಟ್ಟನ್ನು ನಾನು ಈ ಕೆಲಸಕ್ಕೆ ಒಪ್ಪುವುದಿಲ್ಲ. ಅದರೊಳಗಿನ ಸಂಪರ್ಕ ಒಂದು ಸ್ಪ್ರಿಂಗಿನ ಒತ್ತಡದ ಮೇಲೆ ನಿಂತಿದೆ. ಟ್ರಕ್ಕಿನ ಅದುರುವಿಕೆಗೆ ಪ್ಲಗ್ ಮೆಲ್ಲಗೆ ಹಿಂದೆ ಸರಿಯುತ್ತದೆ, ಸಂಪರ್ಕ ಸಡಿಲವಾದಲ್ಲಿ ಬಿಸಿ ಹುಟ್ಟುತ್ತದೆ. ಆಂಡರ್ಸನ್ ಬಗೆಯ ಕನೆಕ್ಟರ್ ಗಟ್ಟಿಯಾಗಿ ಕೂರುತ್ತದೆ, ಕೈಯಿಂದ ಎಳೆದರೆ ಸಲೀಸಾಗಿ ಬಿಡುತ್ತದೆ.

ದೊಡ್ಡ ಟ್ರಕ್ಕುಗಳ ಮಾತು ಬೇರೆ. ಅವುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳು ಸಾಲಾಗಿ ಸೇರಿ 24 ವೋಲ್ಟ್ ಆಗಿರುತ್ತದೆ. ಆ ಎರಡರಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ತೆಗೆದು ಫ್ರಿಡ್ಜ್‌ಗೆ ಕೊಡುವ ರೂಢಿಯನ್ನು ಅಲ್ಲಲ್ಲಿ ಕಂಡಿದ್ದೇನೆ, ಮತ್ತು ಅದನ್ನು ನೋಡಿದಾಗಲೆಲ್ಲ ಮನಸ್ಸಿಗೆ ಕಷ್ಟವಾಗುತ್ತದೆ. ಒಂದು ಬ್ಯಾಟರಿ ಸದಾ ಬರಿದಾಗುತ್ತ, ಇನ್ನೊಂದು ಸದಾ ಅತಿಯಾಗಿ ತುಂಬುತ್ತ, ಎರಡೂ ಅಕಾಲದಲ್ಲಿ ಸಾಯುತ್ತವೆ. ಇದರ ಅಗತ್ಯವೇ ಇಲ್ಲ. ಕಂಪ್ರೆಸರ್ ಫ್ರಿಡ್ಜ್‌ಗಳಲ್ಲಿ ಹೆಚ್ಚಿನವು 12 ಮತ್ತು 24 ಎರಡನ್ನೂ ತಾವಾಗಿ ಗುರುತಿಸಿ ನಡೆಯುತ್ತವೆ. 24ರಲ್ಲಿ ಪ್ರವಾಹ ಅರ್ಧಕ್ಕೆ ಇಳಿಯುವುದರಿಂದ ತಂತಿಯ ಸೋರಿಕೆಯೂ ತಗ್ಗುತ್ತದೆ. ಎರಡನೇ ಬ್ಯಾಟರಿ 12 ವೋಲ್ಟಿನದೇ ಬೇಕೆಂದರೆ 24ರಿಂದ 12ಕ್ಕೆ ಇಳಿಸುವ ಚಾರ್ಜರುಗಳು ಪ್ರತ್ಯೇಕವಾಗಿ ಸಿಗುತ್ತವೆ.

ಫ್ರಿಡ್ಜ್‌ನ ರಕ್ಷಣಾ ಮಟ್ಟವನ್ನು ಬ್ಯಾಟರಿಗೆ ತಕ್ಕಂತೆ ಇಡಬೇಕು. ಲಿಥಿಯಂಗೆ ಬಿಎಂಎಸ್ ಕಾವಲಿರುವುದರಿಂದ ಮತ್ತು ಮುಖ್ಯ ಬ್ಯಾಟರಿ ಬೇರೆಯೇ ಇರುವುದರಿಂದ ಅತಿ ಕೆಳಗಿನ ಮಟ್ಟ ಸಾಕು. ಲೆಡ್ ಆಸಿಡ್‌ಗೆ ನಡುವಿನದು ಒಳ್ಳೆಯದು, ಕೆಳಗಿನದು ಅದನ್ನು ಪೂರ್ತಿ ಹಿಂಡಿಬಿಡುತ್ತದೆ. ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಉಳಿದ ಶಕ್ತಿಯನ್ನು ಊಹಿಸುವುದು ಮಾತ್ರ ಆಗದ ಮಾತು. ಬಹುತೇಕ ಕೊನೆಯವರೆಗೂ ಅದು 13ರ ಆಸುಪಾಸಿನಲ್ಲೇ ನಿಂತಿದ್ದು ನಂತರ ಒಮ್ಮೆಲೇ ಕುಸಿಯುತ್ತದೆ. ಶಂಟ್, ಅಂದರೆ ಹರಿಯುವ ಪ್ರವಾಹವನ್ನು ಅಳೆಯಲು ದಾರಿಯಲ್ಲಿ ಕೂಡಿಸುವ ಸಣ್ಣ ರೋಧಕ, ಬಳಸಿ ಒಳಬಂದ, ಹೊರಹೋದ ಆಂಪಿಯರುಗಳನ್ನು ಎಣಿಸುವ ಮೀಟರ್ ಇದ್ದರೆ ಈ ಕುರುಡುತನ ಇರುವುದಿಲ್ಲ. ನನ್ನ ಜೋಡಣೆಗೆ ಅದನ್ನು ಸೇರಿಸಿದ ಮೇಲೆ ಫ್ರಿಡ್ಜ್ ಇಟ್ಟ ಜಾಗದ ಮಹತ್ವವೂ ಅಂಕಿಗಳಲ್ಲಿ ಸ್ಪಷ್ಟವಾಯಿತು: ಬಿಸಿಗಾಳಿ ಹೊರಹೋಗುವ ಜಾಲರಿಗೆ ಅಂಟಿಕೊಂಡಂತೆ ಚೀಲ ಇಟ್ಟರೆ ಕಂಪ್ರೆಸರ್ ಎಷ್ಟು ಹೆಚ್ಚು ಹೊತ್ತು ಓಡುತ್ತದೆ ಎಂಬುದನ್ನು ಮೀಟರ್ ಮುಚ್ಚುಮರೆಯಿಲ್ಲದೆ ತೋರಿಸುತ್ತದೆ. ಹೊರಡುವ ಮುನ್ನ ಮನೆಯ ವಿದ್ಯುತ್ತಿನಲ್ಲೇ ಫ್ರಿಡ್ಜನ್ನೂ ಅದರೊಳಗಿನ ಪದಾರ್ಥವನ್ನೂ ತಂಪು ಮಾಡಿಕೊಂಡರೆ ಮೊದಲ ದಿನದ ಹೊರೆ ಬಹಳ ಇಳಿಯುತ್ತದೆ.

ಕೊರತೆಗಳೂ ಇವೆ. ಚಾರ್ಜರ್ ಪೂರ್ಣ ಹೊರೆಯಲ್ಲಿ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಮತ್ತು ಸೀಟಿನ ಹಿಂದಿನ ಗಾಳಿಯಾಡದ ಜಾಗದಲ್ಲಿ ತನ್ನನ್ನು ಕಾಪಾಡಿಕೊಳ್ಳಲು ಪ್ರವಾಹವನ್ನು ತಾನೇ ತಗ್ಗಿಸುತ್ತದೆ. ಅದನ್ನು ಲೋಹದ ಹಲಗೆಯ ಮೇಲೆ, ಸುತ್ತ ಜಾಗ ಬಿಟ್ಟು ಕೂರಿಸಬೇಕು. ಅದರ ಟರ್ಮಿನಲ್‌ಗಳು 16 ಚದರ ಮಿಲಿಮೀಟರಿನ ತಂತಿಗೆ ಇಕ್ಕಟ್ಟು, ಕೈಪಿಡಿಯಲ್ಲಿ ತಂತಿಯ ದಪ್ಪದ ಬಗ್ಗೆ ಇರುವುದು ಒಂದೇ ಸಾಲು. ತಿಂಗಳುಗಟ್ಟಲೆ ನಿಲ್ಲುವ ವಾಹನಕ್ಕಾಗಲಿ, ಒಂದೇ ಜಾಗದಲ್ಲಿ ವಾರಗಟ್ಟಲೆ ತಂಗುವವರಿಗಾಗಲಿ ಈ ಜೋಡಣೆ ಇದ್ದಂತೆಯೇ ಸಾಲದು. ಅವರು ಸೋಲಾರ್ ಫಲಕವನ್ನು ಸೇರಿಸಬೇಕು, ಮತ್ತು ಹಾಗೆ ಸೇರಿಸುವ ಯೋಚನೆ ಇರುವವರು ಆರಂಭದಲ್ಲೇ ಸೋಲಾರ್ ಪ್ರವೇಶವೂ ಇರುವ ಚಾರ್ಜರನ್ನು ಆರಿಸಿಕೊಂಡರೆ ಎರಡು ಸಲ ಖರ್ಚಾಗುವುದಿಲ್ಲ. ವಾರಾಂತ್ಯದಲ್ಲಿ ಒಂದು ರಾತ್ರಿ ಮಾತ್ರ ಹೊರಗಿರುವವರಿಗೆ ಇಷ್ಟೆಲ್ಲ ಬೇಡವೇ ಬೇಡ. ಒಳ್ಳೆಯ ಐಸ್ ಪೆಟ್ಟಿಗೆಯೊಂದು ಅವರ ಕೆಲಸವನ್ನು ನಡೆಸಿಕೊಡುತ್ತದೆ.